ನೀರು, ಹಿಟ್ಟು ಸರಿ. ಉಪ್ಪಿನ ಲೆಕ್ಕ ತಪ್ಪು: ಕಿಡ್ನಿ ಪಥ್ಯಕ್ಕೆ ಡಿಜಿಟಲ್ ತಕ್ಕಡಿ, ಮೂರು ವರ್ಷದ ಬಳಕೆ

ರಾಯಚೂರಿನ ತೀನ್ ಕಂದೀಲ್ ಕಡೆ ಐನೂರು ರೂಪಾಯಿಯೊಳಗೆ ಕೊಂಡ, ಅಡುಗೆಮನೆಯ ಸಾದಾ ಡಿಜಿಟಲ್ ತಕ್ಕಡಿ ಇದು. 5 ಕಿಲೋವರೆಗೆ ತೂಗುತ್ತದೆ, 1 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಉಳಿದದ್ದು ಡಬ್ಬಿಯ ಮೇಲೇ ಇದೆ. ಕಿಡ್ನಿ ಕಾಯಿಲೆಯವರ ಪಥ್ಯಕ್ಕೆ ಇದು ದಿನಾ ಬಳಕೆಯಾಗುತ್ತಿದೆ, ಹಾಗಾಗಿ ವಿಮರ್ಶೆಯೂ ಅದೊಂದೇ ದೃಷ್ಟಿಯಿಂದ.

ಎಣಿಸಿರದ ಸುಖ ಸಿಕ್ಕಿದ್ದು ನೀರಿನ ಲೆಕ್ಕದಲ್ಲಿ. 1 ಮಿಲಿ ನೀರು ಎಂದರೆ 1 ಗ್ರಾಂ, ಬೇರೆ ಅಳತೆ ಪಾತ್ರೆ ಬೇಕಿಲ್ಲ. ಡಯಾಲಿಸಿಸ್‌ನಲ್ಲಿರುವವರಿಗೆ ಸಾಮಾನ್ಯವಾಗಿ ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಸುಮಾರು 500 ಮಿಲಿ ಎಂದು ನೀರು ಗೊತ್ತುಮಾಡುತ್ತಾರೆ. ಡಾಕ್ಟರು ದಿನಕ್ಕೆ 900 ಎಂದಿದ್ದರೆ, ಬೆಳಿಗ್ಗೆ ಸ್ಟೀಲ್ ತಂಬಿಗೆಯನ್ನು ತಕ್ಕಡಿಯ ಮೇಲಿಟ್ಟು, ಟೇರ್ (ಪಾತ್ರೆಯ ತೂಕ ಕಳೆದು ಸೊನ್ನೆ ಮಾಡುವ ಗುಂಡಿ) ಒತ್ತಿ, 900 ಬರುವ ತನಕ ನೀರು ಹಾಕಿ ಮುಚ್ಚಿಡಬೇಕು. ಆಮೇಲೆ ಚಹಾ 100 ಕುಡಿದರೆ ತಂಬಿಗೆಯಿಂದ 100 ತೆಗೆದು ತುಳಸಿಗೆ ಹಾಕುವುದು. ಮಜ್ಜಿಗೆ, ಸಾರು, ಅಂಬಲಿ, ಮಾತ್ರೆ ನುಂಗಲು ಕುಡಿದ ಗುಟುಕು, ಎಲ್ಲಕ್ಕೂ ಇದೇ ಕ್ರಮ. ಇನ್ನೆಷ್ಟು ಉಳಿದಿದೆ ಎಂಬುದು ಸಂಜೆ ತಂಬಿಗೆಯಲ್ಲೇ ಕಣ್ಣಿಗೆ ಕಾಣುತ್ತದೆ; ಬರೆದಿಡುವ ತಾಪತ್ರಯವಿಲ್ಲ.

ಐಸ್ ವಿಚಾರಕ್ಕಂತೂ ತಕ್ಕಡಿಗೆ ಸಾಟಿಯಿಲ್ಲ. ಲೋಟದಲ್ಲಿ ಐಸ್ ಅಳೆಯಲು ಆಗುವುದಿಲ್ಲ, ತೂಗಲು ಆಗುತ್ತದೆ: 12 ಗ್ರಾಂ ತುಂಡು ಕರಗಿದರೆ 12 ಮಿಲಿ ನೀರು. ಮೇ ತಿಂಗಳಲ್ಲಿ, ಹೊರಗೆ 42 ಡಿಗ್ರಿ ಇರುವಾಗ, ಅಂಥ ಒಂದು ತುಂಡನ್ನು ನಾಲಿಗೆಯ ಮೇಲೆ ನಿಧಾನ ಕರಗಿಸಿಕೊಳ್ಳುವುದಕ್ಕೂ ಅಷ್ಟೇ ನೀರನ್ನು ಒಂದೇ ಗುಟುಕಿಗೆ ಮುಗಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಒಂದು ಎಚ್ಚರಿಕೆ: ಈ ಮಿತಿ ಡಾಕ್ಟರು ಹೇಳಿದವರಿಗೆ ಮಾತ್ರ. ಕಾಯಿಲೆಯ ಮೊದಲ ಹಂತಗಳಲ್ಲಿ, ಬಾವು ಇಲ್ಲದವರು, ನಮ್ಮ ಬಿಸಿಲಿನಲ್ಲಿ ತಾವಾಗಿಯೇ ನೀರು ಕಡಿಮೆ ಮಾಡಿಕೊಂಡರೆ ಕಿಡ್ನಿಗೇ ಪೆಟ್ಟು.

ಹಿಟ್ಟು, ಬೇಳೆ ತೂಗಲಿಕ್ಕೂ ತಕರಾರಿಲ್ಲ. 60 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 30 ಗ್ರಾಂ ತೊಗರಿಬೇಳೆಯಲ್ಲಿ ಆರೂವರೆ. ಡಯಾಲಿಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಸಾಕು, ಅಂದರೆ 60 ಕಿಲೋ ಇರುವವರಿಗೆ 48 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ ಆ 0.8 ಎನ್ನುವುದು 1–1.2 ಗ್ರಾಂಗೆ ಏರುತ್ತದೆ, ಹಳೆಯ ಪಥ್ಯವನ್ನೇ ಹಿಡಿದು ಕೂತರೆ ಮೈ ಸೊರಗುತ್ತದೆ. ಬೇಳೆಯನ್ನು ಬೇಯಿಸುವ ಮುಂಚೆಯೇ ತೂಗಬೇಕು. ಬೆಂದ ಮೇಲೆ ತೂಗಿದರೆ ಅರ್ಧಕ್ಕಿಂತ ಹೆಚ್ಚು ನೀರನ್ನೇ ತೂಗಿದಂತೆ.

ಇಷ್ಟಕ್ಕೇ ಬಳಸಿದ್ದರೆ ಐದಕ್ಕೆ ಹತ್ತಿರ ಹತ್ತಿರ ಐದು ಸ್ಟಾರ್ ಕೊಡಬಹುದಿತ್ತು. ಆದರೆ ಈ ತಕ್ಕಡಿಯನ್ನು ತಂದದ್ದೇ ಉಪ್ಪಿಗಾಗಿ, ಅದು ಕೈಕೊಟ್ಟದ್ದೂ ಉಪ್ಪಿನಲ್ಲೇ.

ದಿನಕ್ಕೆ ಒಟ್ಟು 5 ಗ್ರಾಂ ಒಳಗೆ ಉಪ್ಪು ಎನ್ನುವುದು ಕಿಡ್ನಿ ಪಥ್ಯದ ಸಾಮಾನ್ಯ ಮಿತಿ. ಹೊರಗಿನ ತಿನಿಸಿನ ಪಾಲು ಬಿಟ್ಟು ಅಡುಗೆಗೆ 4 ಗ್ರಾಂ ಇಟ್ಟುಕೊಳ್ಳೋಣ. ಖಾಲಿ ಬಟ್ಟಲಿಟ್ಟು, ಸೊನ್ನೆ ಮಾಡಿ, ಚಿಟಿಕೆ ಚಿಟಿಕೆಯಾಗಿ ಉಪ್ಪು ಉದುರಿಸಿದರೆ ಪರದೆಯ ಮೇಲೆ 0, ಮತ್ತೆ 0, ಇನ್ನೂ 0. ಬಟ್ಟಲಿನ ತಳ ಬಿಳಿಯಾಗಿ ಮುಚ್ಚಿಹೋಗಿದ್ದರೂ ಸೊನ್ನೆಯೇ. ಅದನ್ನೇ ಚಮಚದಿಂದ ಒಮ್ಮೆಗೆ ಸುರಿದರೆ 3 ಎನ್ನುತ್ತದೆ. ಕಾರಣವಿದೆ. ಬಿಸಿಗೆ, ದೂಳಿಗೆ ಒಳಗಿನ ಸೆನ್ಸರ್ ತುಸು ಆಚೀಚೆ ಆಗುವುದರಿಂದ, ಸೊನ್ನೆಯ ಹತ್ತಿರ ನಿಧಾನವಾಗಿ ಏರುವ ಸಣ್ಣ ತೂಕವನ್ನು ತಕ್ಕಡಿ ತನ್ನದೇ ತಪ್ಪೆಂದು ತಿಳಿದು ಮತ್ತೆ ಸೊನ್ನೆಗೆ ತಂದುಕೊಳ್ಳುತ್ತದೆ. ಜತೆಗೆ 1 ಗ್ರಾಂ ಆಚೀಚೆ ಇದ್ದೇ ಇರುತ್ತದೆ. 60 ಗ್ರಾಂ ಹಿಟ್ಟಿನಲ್ಲಿ ಅದು ಏನೂ ಅಲ್ಲ, 4 ಗ್ರಾಂ ಉಪ್ಪಿನಲ್ಲಿ ಕಾಲುಭಾಗ! ಬಿಪಿ ಏಕೆ ಇಳಿಯುತ್ತಿಲ್ಲ, ಕಾಲು ಏಕೆ ಬಾಯುತ್ತಿದೆ ಎಂದು ಮನೆಮಂದಿಯೆಲ್ಲ ತಲೆ ಕೆಡಿಸಿಕೊಳ್ಳುವಾಗ ತಕ್ಕಡಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಡಬ್ಬಿಯ ಮೇಲೆ ಇದರ ಬಗ್ಗೆ ಒಂದಕ್ಷರವೂ ಇಲ್ಲ, ಅದಕ್ಕೇ ಸಿಟ್ಟು. ಚಮಚ ನಂಬೋಣವೆಂದರೆ ಪುಡಿ ಉಪ್ಪಿನ ಒಂದು ಟೀ ಚಮಚ ಐದಾರು ಗ್ರಾಂ, ಹರಳುಪ್ಪಿನದು ಅದಕ್ಕಿಂತ ಕಡಿಮೆ.

ಇದಕ್ಕೆ ದಾರಿ ಉಪ್ಪುನೀರು. ಒಂದು ವಾರಕ್ಕೆ 28 ಗ್ರಾಂ ಉಪ್ಪನ್ನು ಒಮ್ಮೆಗೇ ತೂಗಿ. ತುಂಬಿದ ಉಪ್ಪಿನ ಡಬ್ಬಿ ಇಟ್ಟು, ಟೇರ್ ಒತ್ತಿ, −28 ಬರುವ ತನಕ ಉಪ್ಪು ತೆಗೆಯುವುದು ಒಳ್ಳೆಯದು. ದೊಡ್ಡ ಚಮಚದಲ್ಲಿ ತೆಗೆದರೆ ಸೊನ್ನೆಯ ಕಾಟವಿಲ್ಲ. ಅದಕ್ಕೆ ಕುದಿಸಿ ಆರಿಸಿದ ನೀರು ಸೇರಿಸಿ, ಉಪ್ಪು ನೀರು ಕೂಡಿ 280 ಗ್ರಾಂ ಮಾಡಿ, ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಇದರ 10 ಗ್ರಾಂನಲ್ಲಿ 1 ಗ್ರಾಂ ಉಪ್ಪು. ಈಗ ತಕ್ಕಡಿ 1 ಗ್ರಾಂ ತಪ್ಪಿದರೂ ಉಪ್ಪು ತಪ್ಪುವುದು 0.1 ಗ್ರಾಂ ಮಾತ್ರ. ಪಲ್ಯ, ಬ್ಯಾಳಿಯನ್ನು ಉಪ್ಪಿಲ್ಲದೆ ಬೇಯಿಸಿ, ಪಥ್ಯದವರ ಪಾಲು ಬೇರೆ ತೆಗೆದು, ಅದಕ್ಕೆ ಈ ನೀರು ಹಾಕಿ, ಉಳಿದದ್ದಕ್ಕೆ ಮನೆಯವರ ರುಚಿಯಂತೆ ಉಪ್ಪು. ಈ ಉಪ್ಪುನೀರು ದಿನಕ್ಕೆ 40 ಗ್ರಾಂ ಮೀರಬಾರದು. ನೀರಿನ ಮಿತಿ ಇರುವವರು ಅದನ್ನೂ ತಂಬಿಗೆಯ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಕಡೆ ರೊಟ್ಟಿಗೆ ಉಪ್ಪು ಹಾಕುವ ರೂಢಿಯಿಲ್ಲ, ಅದು ದೊಡ್ಡ ಅನುಕೂಲ. ಆದರೆ ರೊಟ್ಟಿಯ ಮಗ್ಗುಲಿಗೇ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ. ಸಂಜೆ ಮಂಡಕ್ಕಿ ಜತೆ ಮಿರ್ಚಿ. ಅದರ ಹಿಟ್ಟಿಗೆ ಹಾಕುವ ಸೋಡಾದಲ್ಲೂ ಸೋಡಿಯಂ ಇದೆ. ಉಪ್ಪುನೀರು ಎಷ್ಟೇ ಚೊಕ್ಕವಾಗಿ ಅಳೆದರೂ ಇವು ಲೆಕ್ಕದ ಹೊರಗೆ ಉಳಿದರೆ ಪ್ರಯೋಜನವಿಲ್ಲ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನ ಪೊಟ್ಟಣವನ್ನಂತೂ ಕಿಡ್ನಿ ಕಾಯಿಲೆಯವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು.

ಸಣ್ಣಪುಟ್ಟ ತೊಂದರೆಗಳು ಇನ್ನಷ್ಟಿವೆ. ಶಾಬಾದ್ ಕಲ್ಲಿನ ನೆಲ ಸಮ ಇರುವುದಿಲ್ಲ, ತಕ್ಕಡಿಯ ಒಂದು ಕಾಲು ಎದ್ದಿದ್ದರೂ ತೂಕ ತಪ್ಪು. ಕಟ್ಟೆಯ ಮೇಲೆ ಅಲುಗದ ಜಾಗ ಹುಡುಕಿ ಅಲ್ಲೇ ಬಳಸಿ. ಫ್ಯಾನ್ ಜೋರಾಗಿದ್ದರೆ ಕೊನೆಯ ಅಂಕಿ ಕುಣಿಯುತ್ತದೆ. ಬಿಸಿ ಪಾತ್ರೆಯನ್ನು ನೇರ ಇಡಬೇಡಿ, ಕೆಳಗೊಂದು ಮರದ ಮಣೆ ಇರಲಿ. ಜೋಳದ ಹಿಟ್ಟು ತಟ್ಟೆಯ ಸಂದಿಗೆ ಸೇರಿ ಗಟ್ಟಿಯಾದರೆ ತೂಕ ಕಡಿಮೆ ತೋರಿಸುತ್ತದೆ, ಒಣ ಬ್ರಷ್‌ನಿಂದ ತೆಗೆಯಬೇಕು. ಎರಡು ನಿಮಿಷ ಸುಮ್ಮನಿದ್ದರೆ ಆಫ್ ಆಗಿ ಟೇರ್ ಅಳಿಸಿಹೋಗುತ್ತದೆ, ಅದಕ್ಕೆ ಖಾಲಿ ತಂಬಿಗೆಯ ತೂಕವನ್ನು ಅದರ ತಳದಲ್ಲೇ ಕೊರೆಸಿಟ್ಟರೆ ಅನುಕೂಲ.

ತಿಂಗಳಿಗೊಮ್ಮೆ ಪರೀಕ್ಷೆಗೆ ತೂಕದ ಬಟ್ಟು ಹುಡುಕಬೇಕಿಲ್ಲ. ಹತ್ತು ರೂಪಾಯಿಯ ನಾಣ್ಯ 7.71 ಗ್ರಾಂ, ಹೊಸ ಬಗೆಯದು 7.74. ಹದಿಮೂರು ನಾಣ್ಯ ಇಟ್ಟರೆ 100 ಅಥವಾ 101 ಬರಬೇಕು. 97, 98 ಬಂದರೆ ಮೊದಲು ಸೆಲ್ ಬದಲಿಸಿ, ಆಗಲೂ ಸರಿಹೋಗದಿದ್ದರೆ ತಕ್ಕಡಿಯನ್ನೇ ಬದಲಿಸಿ.

ನೀರು, ಹಿಟ್ಟು, ಬೇಳೆಗೆ ನಾಲ್ಕೂವರೆ ಸ್ಟಾರ್. ಉಪ್ಪಿಗೆ ಎರಡು, ಅದೂ ಉಪ್ಪುನೀರಿನ ದಾರಿ ಇರುವುದರಿಂದ. ಉಪ್ಪೊಂದೇ ತೂಗಬೇಕೆನ್ನುವವರು ಬಂಗಾರದ ತೂಕಕ್ಕೆ ಬಳಸುವಂಥ, 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ಕೊಳ್ಳಲಿ, ಆದರೆ ಅದರ ಮೇಲೆ ತಂಬಿಗೆ ಕೂರುವುದಿಲ್ಲ. ಯಾವುದನ್ನೇ ಕೊಳ್ಳಿ, ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಹದಿಮೂರು ನಾಣ್ಯ ಇಟ್ಟು ನೋಡಿ. ಅವನ್ನೇ ತಟ್ಟೆಯ ನಾಲ್ಕು ಮೂಲೆಗೂ ಸರಿಸಿ, ಎಲ್ಲ ಕಡೆ ಒಂದೇ ಅಂಕಿ ಬರಬೇಕು.