ಹಳೆ ಲೆನ್ಸ್ ಇಟ್ಟುಕೊಂಡು ಫುಲ್ ಫ್ರೇಮ್ ಬಾಡಿ ತಗೊಳ್ಳೋಣ ಅನ್ನುವವರು ಮೊದಲು ಇದನ್ನು ಓದಿ

ಕ್ರಾಪ್ ಸೆನ್ಸರ್ ಕ್ಯಾಮೆರಾ (ಬೆಳಕನ್ನು ಹಿಡಿದು ಫೋಟೋ ಮಾಡುವ ಸೆನ್ಸರ್ ಚಿಕ್ಕದಾಗಿರುವುದು) ಇದೆ, ಅದಕ್ಕೆ ಎರಡು ಮೂರು ಲೆನ್ಸ್ ಇವೆ, ಈಗ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಮಾತ್ರ ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ ಬದಲಾಯಿಸೋಣ ಅಂತ ಯೋಚನೆ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ನಿಮಗೆ ಒಂದು ಮಾತು ಹೇಳುತ್ತಾರೆ: "ನಿಮ್ಮ ಹಳೆ ಲೆನ್ಸ್ ಎಲ್ಲಾ ಇದಕ್ಕೂ ಬರುತ್ತೆ ಸಾರ್, ಏನೂ ಯೋಚನೆ ಮಾಡಬೇಡಿ." ನನಗೂ ಹೀಗೇ ಹೇಳಿದರು. ಈ ಮಾತಿನಲ್ಲಿ ಅರ್ಧ ನಿಜ ಇದೆ. ಅವರು ಬಾಯಿ ಬಿಡದ ಇನ್ನರ್ಧದಿಂದ ನನ್ನ ದುಡ್ಡೂ ಹೋಯಿತು, ಚೆನ್ನಾಗಿದ್ದ ಕ್ಯಾಮೆರಾನೂ ಹೋಯಿತು.

ನನ್ನ ಹತ್ತಿರ ಇದ್ದದ್ದು 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ ಡಿಎಸ್ಎಲ್ಆರ್. ಬಾಡಿ ಜೊತೆ ಬಂದ 18-55 ಕಿಟ್ ಲೆನ್ಸ್, ಹಕ್ಕಿಗಳಿಗೆ ಅಂತ ತಗೊಂಡ 55-300 ಝೂಮ್, ಮನೆಯೊಳಗೆ ಮತ್ತೆ ವೇದಿಕೆ ಕಾರ್ಯಕ್ರಮಗಳಿಗೆ ಒಂದು 35 ಎಂಎಂ ಎಫ್ 1.8 (ಎಂಎಂ ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ). ಮೂರೂ ಕ್ರಾಪ್ ಸೆನ್ಸರ್‌ಗೆ ಅಂತಲೇ ಮಾಡಿದ ಲೆನ್ಸ್‌ಗಳು. ಬೆಳಕು ಕಡಿಮೆ ಇದ್ದಾಗ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ಏರಿಸಿದರೆ ಫೋಟೋ ಕಾಳುಕಾಳಾಗಿ ಬರುತ್ತದೆ ಅನ್ನುವುದೊಂದೇ ನನ್ನ ತಕರಾರಾಗಿತ್ತು. ಅಂಗಡಿಯಲ್ಲಿ ಅದನ್ನೇ ಹೇಳಿದೆ. ಕೌಂಟರಿನಲ್ಲಿದ್ದವರು ತಕ್ಷಣ ಅದೇ ಕಂಪನಿಯ, ಅದೇ ಮೌಂಟಿನ (ಲೆನ್ಸ್ ಕೂರುವ ಜಾಗ) 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಬಾಡಿ ತೆಗೆದು ಮುಂದಿಟ್ಟರು.

ನಾನು ನೇರವಾಗಿಯೇ ಕೇಳಿದೆ, ಈಗಿರುವ ಲೆನ್ಸ್‌ಗಳಲ್ಲೇ ತೆಗೆದರೂ ಕ್ವಾಲಿಟಿ ಜಾಸ್ತಿ ಬರುತ್ತಾ ಅಂತ. "ಸೆನ್ಸರ್ ಎರಡು ಪಟ್ಟಿಗಿಂತ ದೊಡ್ಡದು ಸಾರ್, ಬಂದೇ ಬರುತ್ತೆ" ಅಂದರು. ನನ್ನ 35 ಎಂಎಂ ಲೆನ್ಸನ್ನು ಅಲ್ಲೇ ಹಾಕಿ ತೋರಿಸಿದರು. ಟಕ್ ಅಂತ ಕೂತಿತು, ಫೋಕಸ್ ಆಯಿತು, ಹಿಂದಿನ ಸ್ಕ್ರೀನಿನಲ್ಲಿ ಫೋಟೋ ಚೆನ್ನಾಗಿಯೇ ಕಂಡಿತು. ಅಷ್ಟು ಚಿಕ್ಕ ಸ್ಕ್ರೀನಿನಲ್ಲಿ 10 ಮೆಗಾಪಿಕ್ಸೆಲ್ ಫೋಟೋಗೂ 24 ಮೆಗಾಪಿಕ್ಸೆಲ್ ಫೋಟೋಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ಹಳೆ ಬಾಡಿಯನ್ನು ಎಕ್ಸ್‌ಚೇಂಜ್‌ಗೆ ತಗೊಂಡರು, ಕೂಡಿಟ್ಟಿದ್ದ ದುಡ್ಡೆಲ್ಲ ಹೊಸ ಬಾಡಿಗೇ ಹೋಯಿತು.

ಮೊದಲು ತೆಗೆದದ್ದು ಒಂದು ಮಿಂಚುಳ್ಳಿ. 55-300 ಹಾಕಿ ವ್ಯೂಫೈಂಡರಿಗೆ ಕಣ್ಣಿಟ್ಟರೆ ಮಧ್ಯದಲ್ಲಿ ಒಂದು ಚಿಕ್ಕ ಚೌಕಟ್ಟು ಕಾಣಿಸುತ್ತಿತ್ತು. ಅದರ ಆಚೆಗಿನದ್ದೆಲ್ಲ ಕಣ್ಣಿಗೆ ಕಾಣುತ್ತದೆ, ಫೋಟೋದಲ್ಲಿ ಬರುವುದಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದೆ. ಫೈಲಿನ ಅಳತೆ 6000 × 4000 ಇರಬೇಕಿತ್ತು ಅಲ್ವಾ? ಇದ್ದದ್ದು ಸುಮಾರು 3900 × 2600. ಅಂದರೆ 10 ಮೆಗಾಪಿಕ್ಸೆಲ್ ಅಷ್ಟೇ. ಹಕ್ಕಿಯ ಕಣ್ಣಿನ ಹತ್ತಿರಕ್ಕೆ ಝೂಮ್ ಮಾಡಿ ನೋಡಿದೆ. ಹಳೆ ಕ್ಯಾಮೆರಾದಲ್ಲಿ ಕಣ್ಣಿನ ಸುತ್ತ ಇರುವ ಸಣ್ಣ ಗರಿಗಳು ಒಂದೊಂದೂ ಬಿಡಿಯಾಗಿ ಕಾಣುತ್ತಿದ್ದವು, ಕಣ್ಣೊಳಗಿನ ಬೆಳಕಿನ ಚುಕ್ಕೆ ದುಂಡಗೆ ಇರುತ್ತಿತ್ತು. ಇದರಲ್ಲಿ ಆ ಗರಿಗಳೆಲ್ಲ ಒಂದೇ ನೀಲಿ ಪಟ್ಟೆಯಾಗಿ ಕೂಡಿಕೊಂಡಿದ್ದವು. ಫೋಕಸ್ ತಪ್ಪಿರಲಿಲ್ಲ, ಕೈ ಅಲುಗಾಡಿರಲಿಲ್ಲ. ಗರಿಗಳನ್ನು ಬಿಡಿಸಿ ತೋರಿಸುವಷ್ಟು ಪಿಕ್ಸೆಲ್‌ಗಳೇ ಅಲ್ಲಿರಲಿಲ್ಲ.

ಕಾರಣ ತುಂಬಾ ಸರಳ, ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ಹೇಳಬಹುದಾದಷ್ಟು ಸರಳ. ಫುಲ್ ಫ್ರೇಮ್ ಸೆನ್ಸರ್ ಅಂದರೆ 36 × 24 ಮಿಲಿಮೀಟರ್, ಹಳೆಯ 35 ಎಂಎಂ ಫಿಲ್ಮಿನ ಒಂದು ಚೌಕಟ್ಟಿನಷ್ಟು. ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಕಂಪನಿಗಳ ಕ್ರಾಪ್ ಸೆನ್ಸರ್ ಸುಮಾರು 23.5 × 15.6, ಕ್ಯಾನನ್‌ನದು ಇನ್ನೂ ಸ್ವಲ್ಪ ಚಿಕ್ಕದು, ಸುಮಾರು 22.3 × 14.9. ಲೆನ್ಸ್ ಒಳಗೆ ಬೀಳಿಸುವ ಬಿಂಬ ದುಂಡಗಿರುತ್ತದೆ. ಕ್ರಾಪ್ ಲೆನ್ಸಿನ ದುಂಡು ಚಿಕ್ಕ ಸೆನ್ಸರಿನ ಮೂಲೆ ಮುಟ್ಟುವಷ್ಟೇ ಅಗಲ ಇದ್ದರೆ ಸಾಕು, ಹಾಗೇ ಮಾಡಿರುತ್ತಾರೆ. ಅದರಿಂದಲೇ ಆ ಲೆನ್ಸ್‌ಗಳು ಹಗುರ, ಅಗ್ಗ. ಅದನ್ನು ತಂದು ದೊಡ್ಡ ಸೆನ್ಸರಿನ ಮುಂದೆ ಇಟ್ಟರೆ ಸುತ್ತ ಮೂಲೆಗಳು ಕಪ್ಪಾಗುತ್ತವೆ. ಆ ಕಪ್ಪು ಕಾಣಬಾರದು ಅಂತ ಕ್ಯಾಮೆರಾ ತಾನೇ ಮಧ್ಯದ ಭಾಗವನ್ನು ಮಾತ್ರ ತಗೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ದೊಡ್ಡ ಸೆನ್ಸರಿಗೆ ಅಂತ ದುಡ್ಡು ಕೊಟ್ಟು ತಂದಿದ್ದೇವೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಸುಮ್ನೆ ಕೂತಿರುತ್ತದೆ.

ಇಲ್ಲಿ ಇನ್ನೊಂದು ಮುಖ್ಯವಾದ ವಿಷಯ ಇದೆ. ಕತ್ತಲಲ್ಲಿ ಫುಲ್ ಫ್ರೇಮ್ ಚೆನ್ನಾಗಿ ಬರುವುದು ಯಾಕೆ? ಅದೇ ಎಫ್ ನಂಬರ್, ಅದೇ ಶಟರ್ ಸ್ಪೀಡ್ ಇಟ್ಟರೂ ದೊಡ್ಡ ಸೆನ್ಸರ್ ಮೇಲೆ ಒಟ್ಟಾರೆ ಬೀಳುವ ಬೆಳಕು ಜಾಸ್ತಿ, ಅದಕ್ಕೇ. ಸುಮಾರು ಒಂದು ಸ್ಟಾಪಿಗಿಂತ ಸ್ವಲ್ಪ ಮೇಲೆ ಲಾಭ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಆದರೆ ಕ್ರಾಪ್ ಲೆನ್ಸ್ ಹಾಕಿದಾಗ ಮಧ್ಯದ ಭಾಗ ಮಾತ್ರ ಕೆಲಸ ಮಾಡುತ್ತದೆ, ಅಂದರೆ ಆ ಲಾಭವೂ ಅಲ್ಲಿಗೆ ಹೋಯಿತು. ಯಾವ ಕಾರಣಕ್ಕೆ ಈ ಬಾಡಿ ತಗೊಂಡೆನೋ ಅದೇ ಸಿಗಲಿಲ್ಲ. ವೇದಿಕೆ ಕಾರ್ಯಕ್ರಮದಲ್ಲಿ 35 ಎಂಎಂ ಹಾಕಿ ತೆಗೆದ ಫೋಟೋಗಳಲ್ಲಿ ಕಾಳು ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು, ಅಳತೆ ಮಾತ್ರ ಚಿಕ್ಕದಾಗಿತ್ತು.

ವಾಪಸ್ ತಗೊಂಡು ಹೋದೆ. "ಲೆನ್ಸ್ ಬರುತ್ತೆ ಅಂದಿದ್ವಿ, ಬಂದಿದೆಯಲ್ಲ" ಅಂದರು. ಬಾಕ್ಸ್ ಒಡೆದ ಮೇಲೆ ವಾಪಸ್ ಇಲ್ಲ. ಕೊಟ್ಟಿದ್ದ ಹಳೆ ಬಾಡಿಯನ್ನಾದರೂ ಕೊಡಿ ಅಂದರೆ ಅದು ಆಗಲೇ ಬೇರೆಯವರಿಗೆ ಮಾರಾಟವಾಗಿತ್ತು. ಆಮೇಲೆ ಅದೇ ಕೌಂಟರಿನಲ್ಲಿ ನನ್ನ ಮುಂದೆ ಫುಲ್ ಫ್ರೇಮ್ ಲೆನ್ಸ್‌ಗಳ ಪಟ್ಟಿ ಇಟ್ಟರು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ. ಲೆನ್ಸ್ ಬೇರೆ ಬೇಕಾಗುತ್ತದೆ ಅಂತ ಅವರಿಗೆ ಮೊದಲ ದಿನವೇ ಗೊತ್ತಿತ್ತು. ಅವತ್ತೇ ಹೇಳಿದ್ದರೆ ನಾನು ಬಾಡಿ ತಗೊಳ್ಳುತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ.

ಹೊಸ ಲೆನ್ಸ್ ತಗೊಂಡರಾಯಿತು ಅನ್ನುವುದೂ ಅಷ್ಟು ಸುಲಭ ಅಲ್ಲ. ಕ್ರಾಪ್ ಬಾಡಿಯಲ್ಲಿ 300 ಎಂಎಂ ಎಷ್ಟು ಹತ್ತಿರ ಕಾಣಿಸುತ್ತಿತ್ತೋ ಅಷ್ಟೇ ಹತ್ತಿರ ಫುಲ್ ಫ್ರೇಮ್‌ನಲ್ಲಿ ಕಾಣಬೇಕಾದರೆ 450 ಎಂಎಂ ಬೇಕು. ಅಲ್ಲಿಗೆ 150-600 ಥರದ ಝೂಮ್‌ಗಳ ಕಡೆ ಹೋಗಬೇಕು. ಅವು ಸುಮಾರು 2 ಕಿಲೋ ತೂಗುತ್ತವೆ, ನನ್ನ 55-300 ಇದ್ದದ್ದು ಅರ್ಧ ಕಿಲೋ. ಅಷ್ಟು ಭಾರ ಕುತ್ತಿಗೆಗೆ ಹಾಕಿಕೊಂಡು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಕ್ಕಿ ಹುಡುಕುತ್ತಾ ನಡೆಯುವುದು ಎಲ್ಲರಿಂದ ಆಗುವ ಕೆಲಸ ಅಲ್ಲ. ಟ್ರೈಪಾಡ್ ಬದಲಾಗಬೇಕು, ಬ್ಯಾಗ್ ಬದಲಾಗಬೇಕು. ಹಕ್ಕಿ, ಪ್ರಾಣಿ, ಆಟೋಟ ತೆಗೆಯುವವರಿಗೆ ನಾನು ಸ್ಪಷ್ಟವಾಗಿ ಹೇಳುತ್ತೇನೆ: ದೊಡ್ಡ ಟೆಲಿ ಲೆನ್ಸಿಗೆ ದುಡ್ಡು ಕೈಯಲ್ಲಿ ಇಲ್ಲದಿದ್ದರೆ ಕ್ರಾಪ್ ಬಿಟ್ಟು ಹೋಗಬೇಡಿ. ಅದೇ 24 ಮೆಗಾಪಿಕ್ಸೆಲ್ ಚಿಕ್ಕ ಸೆನ್ಸರಿನಲ್ಲಿ ಒತ್ತಾಗಿ ಕೂತಿರುವುದರಿಂದ ದೂರದ ಹಕ್ಕಿಯ ಮೇಲೆ ಜಾಸ್ತಿ ಪಿಕ್ಸೆಲ್ ಬೀಳುತ್ತವೆ. ಹಳೆ ಬಾಡಿಯಲ್ಲಿ ಹಕ್ಕಿಯ ತಲೆ 900 ಪಿಕ್ಸೆಲ್ ಅಗಲ ಬಂದರೆ ಅದೇ ಜಾಗದಿಂದ, ಅದೇ ಲೆನ್ಸಿನಲ್ಲಿ ಹೊಸ ಬಾಡಿಯಲ್ಲಿ ಬರುವುದು 600ರ ಆಸುಪಾಸು. 45 ಮೆಗಾಪಿಕ್ಸೆಲ್ ಇರುವ ಫುಲ್ ಫ್ರೇಮ್ ಆದರೆ ಕ್ರಾಪ್ ಮೋಡಿನಲ್ಲೂ (ಮಧ್ಯದ ಭಾಗ ಮಾತ್ರ ಬಳಸುವಾಗಲೂ) 19-20 ಮೆಗಾಪಿಕ್ಸೆಲ್ ಉಳಿಯುತ್ತದೆ, ಅದು ಬೇರೆ ಮಾತು, ಅದರ ಬೆಲೆಯೂ ಬೇರೆ.

ಬೆಳಕಿನ ವಿಷಯದಲ್ಲೂ ಲೆಕ್ಕ ಹಾಕಿ ನೋಡಿ. ಸೆನ್ಸರ್ ದೊಡ್ಡದಾದರೆ ಸಿಗುವುದು ಒಂದು ಸ್ಟಾಪಿಗಿಂತ ಸ್ವಲ್ಪ ಜಾಸ್ತಿ. ಎಫ್ 5.6ರಿಂದ ಎಫ್ 1.8ಕ್ಕೆ ಬಂದರೆ ಸಿಗುವುದು ಮೂರು ಸ್ಟಾಪಿಗಿಂತ ಜಾಸ್ತಿ. ಅಂದರೆ ಕಿಟ್ ಝೂಮ್ ಹಾಕಿದ ಫುಲ್ ಫ್ರೇಮ್‌ಗಿಂತ ಎಫ್ 1.8 ಲೆನ್ಸ್ ಹಾಕಿದ ಕ್ರಾಪ್ ಕ್ಯಾಮೆರಾವೇ ಕತ್ತಲಲ್ಲಿ ಮುಂದಿರುತ್ತದೆ. ನನಗೆ ಬೇಕಿದ್ದದ್ದು ಇನ್ನೊಂದು ಅಗಲ ಅಪರ್ಚರ್ (ಎಫ್ ನಂಬರ್ ಚಿಕ್ಕದಿರುವ) ಲೆನ್ಸ್, ಜೊತೆಗೆ ಈಗ ಸಿಗುವ ಒಳ್ಳೆಯ, ನಾಯ್ಸ್ (ಫೋಟೋದ ಕಾಳು) ತೆಗೆಯುವ ಸಾಫ್ಟ್‌ವೇರ್. ಎರಡೂ ಸೇರಿದರೂ ಆ ಬಾಡಿಯ ಬೆಲೆಗೆ ಹತ್ತಿರ ಬರುತ್ತಿರಲಿಲ್ಲ.

ಫುಲ್ ಫ್ರೇಮ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಮದುವೆ, ಸಮಾರಂಭ ತೆಗೆಯುವವರು, ಹಿನ್ನೆಲೆ ಚೆನ್ನಾಗಿ ಬ್ಲರ್ ಆಗಬೇಕು ಅನ್ನುವ ಪೋರ್ಟ್ರೇಟ್‌ನವರು, ಅಗಲ ನೋಟ ಬೇಕಾದ ಲ್ಯಾಂಡ್‌ಸ್ಕೇಪ್‌ನವರು, ರಾತ್ರಿ ಆಕಾಶ ತೆಗೆಯುವವರು ತಗೊಳ್ಳಲಿ. ಆದರೆ ಅದಕ್ಕೆ ತಕ್ಕ ಲೆನ್ಸ್ ಜೊತೆಗೇ ತಗೊಳ್ಳಲಿ. ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಮೊದಲು ಫುಲ್ ಫ್ರೇಮ್ ಲೆನ್ಸ್ ತಗೊಂಡು ಈಗಿನ ಕ್ರಾಪ್ ಬಾಡಿಗೇ ಹಾಕಿ ಬಳಸಿ. ಒಂದೇ ಮೌಂಟ್ ಇದ್ದರೆ ಹೀಗೆ ಹಾಕುವುದರಿಂದ ಯಾವ ಪಿಕ್ಸೆಲ್ಲೂ ಕಳೆದುಹೋಗುವುದಿಲ್ಲ. ಬಾಡಿ ಆಮೇಲೆ ತಗೊಳ್ಳಬಹುದು.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ನಿಮ್ಮ ಲೆನ್ಸಿನ ಮೇಲೆ ಬರೆದಿರುವುದನ್ನು ಓದಿ. ನಿಕಾನ್‌ನಲ್ಲಿ ಡಿಎಕ್ಸ್ ಅಂತ ಇದ್ದರೆ ಅದು ಕ್ರಾಪ್ ಲೆನ್ಸ್. ಸೋನಿಯಲ್ಲಿ ಎಫ್ಇ ಅಂದರೆ ಫುಲ್ ಫ್ರೇಮ್, ಬರೀ ಇ ಅಂದರೆ ಕ್ರಾಪ್. ಸಿಗ್ಮಾದಲ್ಲಿ ಡಿಸಿ ಕ್ರಾಪ್, ಡಿಜಿ ಫುಲ್ ಫ್ರೇಮ್. ಟ್ಯಾಮ್ರಾನ್‌ನ ಡಿಎಸ್ಎಲ್ಆರ್ ಲೆನ್ಸ್‌ಗಳಲ್ಲಿ ಡಿಐ ಟೂ ಅಂದರೆ ಕ್ರಾಪ್. ಕ್ಯಾನನ್‌ನಲ್ಲಿ ಇಎಫ್-ಎಸ್ ಮತ್ತು ಆರ್‌ಎಫ್-ಎಸ್ ಕ್ರಾಪ್ ಲೆನ್ಸ್‌ಗಳು. ಇದರಲ್ಲಿ ಇಎಫ್-ಎಸ್ ಅನ್ನು ಫುಲ್ ಫ್ರೇಮ್ ಡಿಎಸ್ಎಲ್ಆರ್‌ಗೆ ಹಾಕಲು ಆಗುವುದೇ ಇಲ್ಲ, ಲೆನ್ಸಿನ ಹಿಂಭಾಗ ಒಳಗೆ ಚಾಚಿಕೊಂಡಿರುವುದರಿಂದ ಕ್ಯಾಮೆರಾದೊಳಗಿನ ಕನ್ನಡಿ ತಗಲುತ್ತದೆ, ಬಲವಂತ ಮಾಡಲು ಹೋಗಬೇಡಿ. ಫ್ಯೂಜಿಫಿಲ್ಮ್ ಎಕ್ಸ್ ಇಟ್ಟುಕೊಂಡವರಿಗೆ ಅದೇ ಕಂಪನಿಯಲ್ಲಿ ಫುಲ್ ಫ್ರೇಮ್ ಇಲ್ಲವೇ ಇಲ್ಲ, ಬದಲಾಯಿಸಿದರೆ ಲೆನ್ಸ್ ಸಮೇತ ಎಲ್ಲವೂ ಬದಲು.

ಕೌಂಟರಿನಲ್ಲಿ "ಈ ಲೆನ್ಸ್ ಬರುತ್ತಾ" ಅಂತ ಕೇಳಿದರೆ ಸಾಲದು. ನಿಮ್ಮ ಮೆಮೊರಿ ಕಾರ್ಡ್ ತಗೊಂಡು ಹೋಗಿ, ನಿಮ್ಮ ಪ್ರತಿಯೊಂದು ಲೆನ್ಸನ್ನೂ ಆ ಬಾಡಿಗೆ ಹಾಕಿ ಫೋಟೋ ತೆಗೆಯಿರಿ, ಫೋಟೋದ ಅಳತೆ ಎಷ್ಟು ಪಿಕ್ಸೆಲ್ ಅಂತ ಅಲ್ಲೇ ಪ್ಲೇಬ್ಯಾಕಿನಲ್ಲಿ ನೋಡಿ. ಆಮೇಲೆ ಕಾರ್ಡನ್ನು ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿ. ಅವತ್ತೇ ಬಿಲ್ ಮಾಡಿಸಿ, ಆಫರ್ ನಾಳೆ ಇರಲ್ಲ ಅಂತ ಒತ್ತಾಯ ಮಾಡಿದರೆ ಎದ್ದು ಬನ್ನಿ. ಹಳೆ ಬಾಡಿಯನ್ನಂತೂ ಹೊಸದನ್ನು ಕೆಲವು ವಾರ ಬಳಸುವವರೆಗೆ ಯಾರಿಗೂ ಕೊಡಬೇಡಿ. ಎಕ್ಸ್‌ಚೇಂಜಿನಲ್ಲಿ ಸಿಗುವುದು ಹೇಗೂ ಕಡಿಮೆ, ಆಮೇಲೆ ನೀವೇ ಮಾರಿದರೆ ಅದಕ್ಕಿಂತ ಜಾಸ್ತಿ ಬರಬಹುದು.

ನನ್ನ ಹಾಗೆ ಈಗಾಗಲೇ ತಗೊಂಡುಬಿಟ್ಟವರು ಇದ್ದರೆ ಒಂದು ಕೆಲಸ ಮಾಡಿ. ಒಂದು ಫುಲ್ ಫ್ರೇಮ್ 50 ಎಂಎಂ ಎಫ್ 1.8 ಹುಡುಕಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಬಹಳ ಕಂಪನಿಗಳಲ್ಲಿ ತುಂಬಾ ಅಗ್ಗದ ಫುಲ್ ಫ್ರೇಮ್ ಲೆನ್ಸ್ ಅಂದರೆ ಅದೇ, ಮತ್ತೆ ಕ್ರಾಪ್‌ನಲ್ಲಿ 35 ಎಂಎಂ ಕೊಡುತ್ತಿದ್ದ ನೋಟ ಇದರಲ್ಲಿ ಹೆಚ್ಚುಕಡಿಮೆ ಹಾಗೇ ಸಿಗುತ್ತದೆ. ಅದನ್ನು ಹಾಕಿದಾಗ ನನಗೆ ಮೊದಲ ಸಲ ಆ ಬಾಡಿಯ 24 ಮೆಗಾಪಿಕ್ಸೆಲ್ ಪೂರ್ತಿ ಸಿಕ್ಕಿತು, ಕಾಳೂ ಕಡಿಮೆಯಾಯಿತು. ಹಕ್ಕಿಗಳಿಗೆ ಮಾತ್ರ ಇದರಿಂದ ಏನೂ ಆಗುವುದಿಲ್ಲ. ಅದಕ್ಕೆ ಒಂದು ಹಳೆ ಕ್ರಾಪ್ ಬಾಡಿ ನೋಡುತ್ತಿದ್ದೇನೆ, ಶಟರ್ ಕೌಂಟ್ (ಈವರೆಗೆ ತೆಗೆದ ಫೋಟೋಗಳ ಲೆಕ್ಕ) ಕಡಿಮೆ ಇರುವುದು, 55-300 ಅದಕ್ಕೇ ಹಾಕುತ್ತೇನೆ.