ಒಂದೇ ಬಾಂಡಿಗೆ ಎರಡು ಬೆಲೆ: ರೀಟೇಲ್ ಡೈರೆಕ್ಟ್ ಖಾತೆಯಲ್ಲಿ ನಾನು ಕಂಡದ್ದು

ಭಾರತೀಯ ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರಂದು ಆರಂಭಿಸಿದ ರೀಟೇಲ್ ಡೈರೆಕ್ಟ್ ಸೇವೆಯಲ್ಲಿ ಮರುತಿಂಗಳೇ ನಾನು ಖಾತೆ ತೆರೆದೆ. ಇಲ್ಲಿ ಸರ್ಕಾರಿ ಬಾಂಡುಗಳನ್ನು ಮಧ್ಯವರ್ತಿಗಳಿಲ್ಲದೆ ಕೊಳ್ಳಬಹುದು, ಖಾತೆಗೆ ಶುಲ್ಕವಿಲ್ಲ, ಹತ್ತು ಸಾವಿರ ರೂಪಾಯಿಯಿಂದ ಹೂಡಿಕೆ ಶುರುಮಾಡಬಹುದು. ಸೇವೆ ಚೆನ್ನಾಗಿದೆ. ಆದರೆ ಬ್ಯಾಂಕುಗಳು ತಮ್ಮ ಆಸ್ತಿಗೆ ಬೆಲೆ ಕಟ್ಟುವ ಲೆಕ್ಕದ ನಿಯಮ ಠೇವಣಿದಾರರಿಗೆ ಏಕೆ ಮುಖ್ಯ ಎಂಬುದನ್ನು ಈ ಖಾತೆ ನನ್ನದೇ ದುಡ್ಡಿನಲ್ಲಿ ತೋರಿಸಿಕೊಟ್ಟಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2031ರಲ್ಲಿ ಅವಧಿ ಮುಗಿಯುವ, ಶೇ. 6.10 ಬಡ್ಡಿಯ ಬಾಂಡನ್ನು ಒಂದು ಲಕ್ಷ ರೂಪಾಯಿ ಮುಖಬೆಲೆಯಷ್ಟು, ನೂರಕ್ಕೆ ಸುಮಾರು 98ರ ದರದಲ್ಲಿ ಕೊಂಡೆ. 2022ರ ಮೇ ತಿಂಗಳಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, ಏರತೊಡಗಿತು. ಹೊಸ ಬಾಂಡುಗಳಿಗೆ ಹೆಚ್ಚು ಬಡ್ಡಿ ಸಿಗುವಾಗ ನನ್ನ ಹಳೆಯ ಬಾಂಡಿಗೆ ಯಾರೂ ಮೊದಲಿನ ಬೆಲೆ ಕೊಡುವುದಿಲ್ಲವಲ್ಲ. ಜೂನ್‌ನಲ್ಲಿ, ಸೋರುವ ತಾರಸಿಯನ್ನು ಮಳೆ ಬಲಿಯುವ ಮೊದಲು ದುರಸ್ತಿ ಮಾಡಿಸಲು ಹಣ ಬೇಕಾಯಿತು. ಆಗ ಬೆಲೆ 91ರ ಆಸುಪಾಸಿನಲ್ಲಿತ್ತು. ಅರ್ಧ ಮಾರಿದೆ, ಸುಮಾರು 3,500 ರೂಪಾಯಿ ಕೈಬಿಟ್ಟಿತು. ಉಳಿದರ್ಧದ ಮೇಲೂ ಅಷ್ಟೇ ನಷ್ಟವಿತ್ತು, ಆದರೆ ಅದು ಕಾಗದದ ಮೇಲೆ ಮಾತ್ರ. 2031ರವರೆಗೆ ಕಾದರೆ ಪೂರ್ತಿ 50,000 ರೂಪಾಯಿ ಬರುತ್ತದೆ.

ಬ್ಯಾಂಕುಗಳ ಲೆಕ್ಕದಲ್ಲೂ ಇದೇ ವ್ಯತ್ಯಾಸವಿದೆ. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆಂದು ಹೆಲ್ಡ್ ಟು ಮೆಚ್ಯೂರಿಟಿ ವರ್ಗಕ್ಕೆ ಸೇರಿಸಿದ ಬಾಂಡುಗಳನ್ನು ಕೊಂಡ ಬೆಲೆಯ ಆಧಾರದಲ್ಲೇ ತೋರಿಸಬಹುದು. ಮಾರಾಟಕ್ಕೆ ಇಟ್ಟವುಗಳನ್ನು ಮಾರುಕಟ್ಟೆ ಬೆಲೆಯಲ್ಲಿ ತೋರಿಸಬೇಕು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ 2022ರ ವರ್ಷಾಂತ್ಯದ ಬ್ಯಾಲೆನ್ಸ್ ಶೀಟಿನಲ್ಲಿ ಮೊದಲ ವರ್ಗದ ಮೊತ್ತ ಸುಮಾರು 9,130 ಕೋಟಿ ಡಾಲರ್ ಎಂದಿತ್ತು. ಅದೇ ಸಾಲಿನಲ್ಲಿ, ಆವರಣದೊಳಗೆ, ಮಾರುಕಟ್ಟೆ ಬೆಲೆ ಸುಮಾರು 7,620 ಕೋಟಿ ಎಂದೂ ಅಚ್ಚಾಗಿತ್ತು. ಅಂತರ 1,510 ಕೋಟಿ. ಬ್ಯಾಂಕಿನ ಒಟ್ಟು ಸ್ವಂತ ಬಂಡವಾಳ ಸುಮಾರು 1,630 ಕೋಟಿ. ಏನನ್ನೂ ಮುಚ್ಚಿಟ್ಟಿರಲಿಲ್ಲ, ಆದರೂ ಬಂಡವಾಳದ ಲೆಕ್ಕಕ್ಕೆ ಆ ನಷ್ಟ ಬರಲಿಲ್ಲ. 2023ರ ಮಾರ್ಚ್ 8ರಂದು ಮಾರಾಟದ ವರ್ಗದ ಬಾಂಡುಗಳನ್ನು ಮಾರಿ 180 ಕೋಟಿ ಡಾಲರ್ ನಷ್ಟವಾಯಿತೆಂದು ಪ್ರಕಟಿಸಿದ ಮರುದಿನವೇ ಠೇವಣಿದಾರರು 4,200 ಕೋಟಿ ಡಾಲರ್ ಹಿಂಪಡೆದರು. 10ರಂದು ನಿಯಂತ್ರಕರು ಬ್ಯಾಂಕನ್ನು ಮುಚ್ಚಿದರು. ಕೊನೆಯವರೆಗೆ ಇಟ್ಟುಕೊಳ್ಳುವ ಉದ್ದೇಶ ಬ್ಯಾಂಕಿಗಿದ್ದರೆ ಸಾಲದು, ಠೇವಣಿದಾರರು ಕಾಯಲು ಸಿದ್ಧರಿರಬೇಕು. ಅಲ್ಲಿ ಬಹುಪಾಲು ಠೇವಣಿ ವಿಮೆಯ ಮಿತಿಗಿಂತ ಹೆಚ್ಚಿನದಾಗಿದ್ದರಿಂದ ಯಾರೂ ಕಾಯಲಿಲ್ಲ.

ಹಾಗೆಂದು ಎಲ್ಲವನ್ನೂ ಮಾರುಕಟ್ಟೆ ಬೆಲೆಯಲ್ಲೇ ಬರೆಯಬೇಕೆಂಬ ವಾದವನ್ನು ನಾನು ಒಪ್ಪಲಾರೆ. 2008ರಲ್ಲಿ ಗೃಹಸಾಲದ ಪತ್ರಗಳಿಗೆ ಕೊಳ್ಳುವವರೇ ಇಲ್ಲದಾಗ, ಒಬ್ಬರು ತುರ್ತಿಗೆ ಮಾರಿದ ಬೆಲೆಯೇ ಉಳಿದವರ ಪುಸ್ತಕದ ಬೆಲೆಯೂ ಆಗಿ, ಬಂಡವಾಳ ಕರಗಿ, ಅವರೂ ಮಾರುವ ಒತ್ತಡಕ್ಕೆ ಸಿಕ್ಕಿದ್ದರು. 2024ರ ಏಪ್ರಿಲ್ 1ರಿಂದ ಜಾರಿಯಾದ ನಮ್ಮ ರಿಸರ್ವ್ ಬ್ಯಾಂಕಿನ ನಿಯಮಗಳು ನನಗೆ ಸಮಾಧಾನ ಕೊಡುವುದು ಈ ಕಾರಣಕ್ಕೆ. ಕೊನೆಯವರೆಗೆ ಇಡುವ ಬಾಂಡುಗಳಿಗೆ ಕೊಂಡ ಬೆಲೆಯೇ ಆಧಾರ, ಆದರೆ ವರ್ಷದಲ್ಲಿ ಶೇ. 5ಕ್ಕಿಂತ ಹೆಚ್ಚು ಮಾರಲು ಪೂರ್ವಾನುಮತಿ ಬೇಕು. ಮಾರಾಟದ ವರ್ಗದ ಏರಿಳಿತ ನೇರವಾಗಿ ಮೀಸಲು ನಿಧಿಗೆ ಹೋಗಿ ಬಂಡವಾಳದಲ್ಲೇ ಕಾಣಿಸುತ್ತದೆ.

ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣವಿದ್ದವರು ರೀಟೇಲ್ ಡೈರೆಕ್ಟ್ ಖಾತೆ ತೆರೆಯಲಿ. ತುರ್ತಿಗೆಂದು ಇಟ್ಟ ಹಣವನ್ನು ಇಲ್ಲಿ ಹಾಕುವುದು ಬೇಡ. ಬ್ಯಾಂಕಿನಲ್ಲಿ ದೊಡ್ಡ ಠೇವಣಿ ಇದ್ದವರು ಅದರ ವಾರ್ಷಿಕ ವರದಿ ತೆರೆದು, ಹೂಡಿಕೆಗಳ ಪುಸ್ತಕದ ಬೆಲೆಗೂ ಮಾರುಕಟ್ಟೆ ಬೆಲೆಗೂ ಎಷ್ಟು ಅಂತರವಿದೆ, ಬಂಡವಾಳದ ಎಷ್ಟು ಪಾಲನ್ನು ಅದು ನುಂಗಬಲ್ಲದು ಎಂದು ಒಮ್ಮೆ ನೋಡಲಿ. ನನ್ನ ಉಳಿದರ್ಧ ಬಾಂಡಿನ ಬಡ್ಡಿ, 1,525 ರೂಪಾಯಿ, ಜನವರಿ ಮತ್ತು ಜುಲೈನಲ್ಲಿ ತಪ್ಪದೆ ಜಮೆಯಾಗುತ್ತಿದೆ.