ದುಡ್ಡು ಕೊಟ್ಟು ಫಾಲೋವರ್ಸ್ ತರಿಸುವ ಮುಂಚೆ ಮಂಡ್ಯದ ಈ ಬೆಲ್ಲದಂಗಡಿಗೆ ಆದದ್ದನ್ನು ಓದಿ

ಮಂಡ್ಯದಲ್ಲಿ ಅಚ್ಚು ಬೆಲ್ಲ, ಪುಡಿ ಬೆಲ್ಲ ಮಾರುವ ಒಂದು ಅಂಗಡಿ. ಅದರ ಇನ್‌ಸ್ಟಾಗ್ರಾಂ ಪೇಜಿಗೆ ಇದ್ದದ್ದು 640 ಫಾಲೋವರ್ಸ್. ಹೆಚ್ಚಿನವರು ಮಂಡ್ಯ, ಮದ್ದೂರು, ಮೈಸೂರು ಕಡೆಯವರೇ. ವಾರಕ್ಕೆ ನಾಲ್ಕೈದು ಆರ್ಡರ್ ಪೇಜಿನಿಂದಲೇ ಬರುತ್ತಿತ್ತು. ಅಷ್ಟರಲ್ಲಿ ಒಬ್ಬ ಏಜೆಂಟ್ ಮೆಸೇಜ್ ಹಾಕಿದ: ‘ಒಂದೇ ವಾರದಲ್ಲಿ 10 ಸಾವಿರ ಫಾಲೋವರ್ಸ್, ಎಲ್ಲಾ ಒರಿಜಿನಲ್.’ 4,500 ರೂಪಾಯಿ ಅಡ್ವಾನ್ಸ್ ಕೊಟ್ಟರು. ಹೇಳಿದಷ್ಟು ಜನ ಬಂದರು, ಆರ್ಡರ್ ಮಾತ್ರ ನಿಂತುಹೋಯಿತು.

ಕಾರಣ ಇನ್‌ಸೈಟ್ಸ್‌ನಲ್ಲೇ, ಅಂದರೆ ಪೇಜಿನ ಅಂಕಿಅಂಶ ತೋರಿಸುವ ಜಾಗದಲ್ಲೇ ಇತ್ತು. ಪ್ರೊಫೆಷನಲ್ (ವ್ಯಾಪಾರಸ್ಥರು, ಕ್ರಿಯೇಟರ್‌ಗಳು ಬಳಸುವ) ಅಕೌಂಟ್ ಆಗಿದ್ದು, 100ಕ್ಕಿಂತ ಹೆಚ್ಚು ಫಾಲೋವರ್ಸ್ ಇದ್ದರೆ ಅವರು ಯಾವ ಊರಿನವರು ಅನ್ನೋ ಪಟ್ಟಿ ಅಲ್ಲಿ ಸಿಗುತ್ತೆ. ಈ ಪೇಜಿನಲ್ಲಿ ಮೊದಲು ಢಾಕಾ, ಆಮೇಲೆ ಜಕಾರ್ತಾ, ಲಾಗೋಸ್. ಮಂಡ್ಯದ ಹೆಸರೇ ಇಲ್ಲ. ಹೊಸ ಫಾಲೋವರ್ಸ್‌ನಲ್ಲಿ ಒಬ್ಬೊಬ್ಬರನ್ನೇ ಒತ್ತಿ ನೋಡಿದರೆ ಫೋಟೋ ಇಲ್ಲ, ಹೆಸರಿನ ಬಾಲಕ್ಕೆ ಏಳೆಂಟು ಅಂಕಿ, ಪೋಸ್ಟ್ ಸೊನ್ನೆ, ಫಾಲೋ ಮಾಡಿರೋದು ಮಾತ್ರ 7,000ಕ್ಕೂ ಮೇಲೆ. ಇನ್‌ಸ್ಟಾಗ್ರಾಂ ಬಿಡೋದೇ 7,500ರವರೆಗೆ. ಮನುಷ್ಯರು ಬಳಸೋ ಅಕೌಂಟು ಹೀಗಿರಲ್ಲ.

ಲೆಕ್ಕ ನೋಡಿ. ಮೊದಲು 640 ಜನರಲ್ಲಿ 45 ಲೈಕ್, ಅಂದರೆ ನೂರಕ್ಕೆ ಏಳು. ಆಮೇಲೆ 10,640ಕ್ಕೆ 32 ಲೈಕ್, ನೂರಕ್ಕೆ ಅರ್ಧವೂ ಇಲ್ಲ. ಕೊಪ್ಪರಿಗೆಯಿಂದ ಬಿಸಿ ಪಾಕವನ್ನು ಅಚ್ಚಿಗೆ ಸುರಿಯುವ ಒಳ್ಳೇ ವಿಡಿಯೋ ಹಾಕಿದರೂ ಆ ಫಾಲೋವರ್ಸ್ ಯಾರೂ ನಿಂತು ನೋಡಲ್ಲ, ಯಾರಿಗೂ ಕಳಿಸಲ್ಲ. ನೋಡುವವರೇ ಇಲ್ಲದ ಪೋಸ್ಟನ್ನು ಇನ್‌ಸ್ಟಾಗ್ರಾಂ ಮುಂದಕ್ಕೆ ತಳ್ಳೋದಿಲ್ಲ, ಹಳೇ ಗಿರಾಕಿಗಳ ಕಣ್ಣಿಗೂ ಅದು ಬೀಳೋದು ಕಮ್ಮಿಯಾಗುತ್ತೆ.

ಎರಡನೇ ಪೆಟ್ಟು ಇನ್ನೂ ಜೋರು. ವ್ಯಾಪಾರ ಬಿತ್ತು ಅಂತ ಅಂಗಡಿಯವರು 2,000 ರೂಪಾಯಿ ಹಾಕಿ ಪೋಸ್ಟ್ ಬೂಸ್ಟ್ ಮಾಡಿದರು, ಅಂದರೆ ಅದನ್ನು ಜಾಹೀರಾತಾಗಿ ಓಡಿಸಿದರು. ಆಡಿಯನ್ಸ್ (ಯಾರಿಗೆ ತೋರಿಸಬೇಕು ಅನ್ನೋದು) ‘ಆಟೋಮ್ಯಾಟಿಕ್’ ಅಂತಲೇ ಬಿಟ್ಟರು. ಆಟೋಮ್ಯಾಟಿಕ್ ಅಂದರೆ ‘ನನ್ನ ಫಾಲೋವರ್ಸ್ ಥರದವರನ್ನು ಹುಡುಕು’ ಅಂತ ಅರ್ಥ. ಫಾಲೋವರ್ಸೇ ಸುಳ್ಳಾದ ಮೇಲೆ ಜಾಹೀರಾತಿನ ದುಡ್ಡೂ ಅವರ ಹಿಂದೆಯೇ ಹೋಯಿತು. ಬೂಸ್ಟ್ ಮಾಡೋದಾದರೆ ಆಡಿಯನ್ಸ್ ನೀವೇ ರಚಿಸಿ. ಲೋಕಲ್ ಆರಿಸಿ ಮಂಡ್ಯದ ಸುತ್ತ 20 ಕಿ.ಮೀ. ಹಾಕಿದರೆ ಮದ್ದೂರೂ ಸೇರುತ್ತೆ. ಮೈಸೂರು ಬೇಕಿದ್ದರೆ ಅದಕ್ಕೆ ಬೇರೆ ಮಾಡಿ. ಕೊರಿಯರ್ ಕಳಿಸದ ಅಂಗಡಿ ಇಡೀ ಕರ್ನಾಟಕ ಹಾಕೋದು ದಂಡ.

‘ಈ 20 ಪೇಜ್ ಫಾಲೋ ಮಾಡಿ, ಮೊಬೈಲ್ ಗೆಲ್ಲಿ’ ಅನ್ನೋ ಸ್ಪರ್ಧೆಗಳಿಗೂ ದುಡ್ಡು ಕೊಟ್ಟು ಸೇರಬೇಡಿ. ಬರೋರು ನಿಜವಾದ ಜನವೇ, ಆದರೆ ಮೊಬೈಲಿಗಾಗಿ ಬಂದವರು. ಫಲಿತಾಂಶ ಬಂದ ದಿನದಿಂದಲೇ ಅನ್‌ಫಾಲೋ ಶುರು.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಪಾಸ್‌ವರ್ಡ್ ಬದಲಿಸಿ. ಏಜೆಂಟ್‌ಗೆ ಪಾಸ್‌ವರ್ಡ್ ಕೊಟ್ಟಿದ್ದರಂತೂ ಅದೇ ನಿಮಿಷ. ಆಮೇಲೆ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಸೆಂಟರ್‌ನಲ್ಲಿ ಎಲ್ಲೆಲ್ಲಿ ಲಾಗಿನ್ ಆಗಿದೆ ನೋಡಿ ಗೊತ್ತಿಲ್ಲದ ಫೋನುಗಳನ್ನು ತೆಗೆಯಿರಿ, ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಕೋಡನ್ನೂ ಕೇಳುವ ವ್ಯವಸ್ಥೆ) ಆನ್ ಮಾಡಿ. ಸುಳ್ಳು ಫಾಲೋವರ್ಸನ್ನು ಪಟ್ಟಿಯಿಂದ ದಿನಕ್ಕಿಷ್ಟು ಅಂತ ಕೈಯಾರೆ ತೆಗೆಯಬೇಕು. ಬೇಸರದ ಕೆಲಸ, ಆದರೂ ಅದನ್ನು ಮಾಡಿಕೊಡ್ತೀವಿ ಅನ್ನೋ ಆ್ಯಪ್‌ಗಳ ಕೈಗೆ ಮತ್ತೆ ಪಾಸ್‌ವರ್ಡ್ ಕೊಡಬೇಡಿ. ಒಂದೇ ಸಲ ನೂರಾರು ತೆಗೆದರೆ ಇನ್‌ಸ್ಟಾಗ್ರಾಂ ಸ್ವಲ್ಪ ದಿನ ತಡೆ ಹಾಕಬಹುದು. ದುಡ್ಡಿನ ಮೋಸ ಆಗಿದ್ದರೆ ಅವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಮಗೆ ಬೇಕಾದ ಫಾಲೋವರ್ ಅಂಗಡಿ ಮೆಟ್ಟಿಲು ಹತ್ತಿ ಬರುವವರೇ. ಗಲ್ಲಾಪೆಟ್ಟಿಗೆ ಮುಂದೆ ಪೇಜಿನ ಕ್ಯೂಆರ್ ಅಂಟಿಸಿ, ಬಿಲ್ಲಿನ ಮೇಲೂ ಹಾಕಿಸಿ. ಪ್ರತಿ ಪೋಸ್ಟಿಗೂ ಊರಿನ ಲೊಕೇಶನ್ ಹಾಕಿ, ಕೆಜಿಗೆ ಎಷ್ಟು ಅಂತ ಕನ್ನಡದಲ್ಲಿ ಬರೆಯಿರಿ. ‘ರೇಟಿಗೆ ಡಿಎಂ ಮಾಡಿ’ ಅಂದರೆ ಅರ್ಧ ಜನ ಅಲ್ಲೇ ವಾಪಸ್. ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಹತ್ತು ದಿನ ಮುಂಚೆಯೇ ಹಾಕಿ, ಹಬ್ಬದ ಹಿಂದಿನ ದಿನ ಹಾಕಿದರೆ ಕೊಳ್ಳುವವರು ಆಗಲೇ ಕೊಂಡಿರುತ್ತಾರೆ.

ಇಷ್ಟಾದರೂ ಏಜೆಂಟ್ ಬೇಕೇಬೇಕು ಅನ್ನಿಸಿದರೆ, ಅವನು ಹಿಂದೆ ಕೆಲಸ ಮಾಡಿಕೊಟ್ಟ ಎರಡು ಅಂಗಡಿಗಳ ಇನ್‌ಸೈಟ್ಸನ್ನು, ಊರುಗಳ ಪಟ್ಟಿ ಸಮೇತ, ನಿಮ್ಮೆದುರೇ ಫೋನಲ್ಲಿ ತೆರೆಸಿ ನೋಡಿ. ಸ್ಕ್ರೀನ್‌ಶಾಟ್ ಕಳಿಸ್ತೀನಿ ಅಂದರೆ ಅಡ್ವಾನ್ಸ್ ಕೊಡಬೇಡಿ.